‘ಕೌಟುಂಬಿಕ ಸಮಸ್ಯೆ’ ಎಂಬ ಕಲಂ: ಅರಂತೋಡು ಸೀಮೆಯ ಯುವಜನರ ಮನೋವೇದನೆ ಕುರಿತು ಒಂದು ಟಿಪ್ಪಣಿ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ನೇ ಸಾಲಿನ ವರದಿಯ ಪ್ರಕಾರ ಆ ವರ್ಷ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಮಂದಿ. ಕರ್ನಾಟಕದ ಪಾಲು 13,606. ರಾಜ್ಯಗಳಲ್ಲಿ ನಾಲ್ಕನೆಯ ಸ್ಥಾನ. ದೇಶದ ಒಟ್ಟು ಸಂಖ್ಯೆಯಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಕಾರಣಗಳ ಪಟ್ಟಿಯಲ್ಲಿ ‘ಕೌಟುಂಬಿಕ ಸಮಸ್ಯೆ’ಗೆ ಶೇ. 31.7, ಕಾಯಿಲೆಗೆ ಶೇ. 18.4. ಪರೀಕ್ಷೆಯಲ್ಲಿ ಅನುತ್ತೀರ್ಣರಾದದ್ದಕ್ಕೆ ಶೇ. 1.2 ಮಾತ್ರ. ಸುಳ್ಯ ತಾಲ್ಲೂಕಿನ ಅರಂತೋಡಿನಂಥ ಊರನ್ನು ಎದುರಿಗಿಟ್ಟುಕೊಂಡು ಈ ಪಟ್ಟಿಯನ್ನು ಓದಿದರೆ ಅದರಿಂದ ಎಷ್ಟು ತಿಳಿಯುತ್ತದೆ, ಎಷ್ಟು ಮರೆಯಾಗುತ್ತದೆ ಎಂಬುದನ್ನು ನೋಡುವುದು ಈ ಟಿಪ್ಪಣಿಯ ಉದ್ದೇಶ.

ಈ ಅಂಕಿಗಳು ಹುಟ್ಟುವುದು ಪೊಲೀಸ್ ಠಾಣೆಯಲ್ಲಿ. ಅಸಹಜ ಸಾವಿನ ಪ್ರಕರಣ ದಾಖಲಾಗುವಾಗ (ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194) ಹೇಳಿಕೆ ಕೊಡುವವರು ತಂದೆ, ಅಣ್ಣ, ಮಾವ, ಇಲ್ಲವೇ ನೆರೆಮನೆಯವರು. ದುಃಖದಲ್ಲಿ ಮುಳುಗಿದವರು, ಇನ್ನೂ ಮದುವೆಯಾಗಬೇಕಾದ ಮಕ್ಕಳು ಮನೆಯಲ್ಲಿರುವವರು, ಊರ ಬಾಯಿಗೆ ಅಂಜುವವರು. ಅವರ ಬಾಯಿಂದ ಬಂದ ನಾಲ್ಕು ಮಾತು ಪಟ್ಟಿಗೆ ಏರುವಾಗ ಒಂದೇ ಕಾರಣವಾಗಿ ಉಳಿಯುತ್ತದೆ. ಅಂಕ ಕಡಿಮೆ ಬಂದ ಹುಡುಗನಿಗೆ ಮನೆಯಲ್ಲಿ ಬೈಗುಳ ಬಿದ್ದಿದ್ದರೆ ಅದು ಪರೀಕ್ಷೆಯ ಲೆಕ್ಕಕ್ಕೋ ಕುಟುಂಬದ ಲೆಕ್ಕಕ್ಕೋ? ತಿಂಗಳುಗಟ್ಟಲೆ ಖಿನ್ನತೆಯಲ್ಲಿದ್ದು, ವೈದ್ಯರನ್ನು ಒಮ್ಮೆಯೂ ಕಾಣದ ಹುಡುಗಿಯದು ಯಾವ ಕಲಂ? ಆದ್ದರಿಂದ ಶೇ. 31.7 ಎಂಬುದನ್ನು ಕುಟುಂಬಗಳ ಮೇಲಿನ ತೀರ್ಪಾಗಿ ಓದಬಾರದು. ಪ್ರತಿಯೊಂದು ಸಾವಿನ ಹಿಂದೆ ಹಲವು ಎಳೆಗಳಿರುತ್ತವೆ, ಮತ್ತು ಅವು ಬಿಗಿಯಾಗುವ ಜಾಗ ಸಾಮಾನ್ಯವಾಗಿ ಮನೆ. ಅಂಕಿ ಹೇಳುವುದು ಅಷ್ಟನ್ನೇ.

ಮನೆ ಎಂದಾಗ ಈ ಸೀಮೆಯ ಮನೆಯನ್ನೇ ನೋಡಬೇಕು. ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸುಳ್ಯ ದಾಟಿ ಸಂಪಾಜೆಯ ಕಡೆಗೆ ಹೋಗುವಾಗ ಸಿಗುವ ಅರಂತೋಡಿನಲ್ಲಿ ಬಯಲುಸೀಮೆಯ ಹಾಗೆ ಮನೆಗೆ ಮನೆ ತಾಗಿದ ಕೇರಿಗಳಿಲ್ಲ. ಪೇಟೆ ಚಿಕ್ಕದು, ಉಳಿದದ್ದೆಲ್ಲ ಅವರವರ ಅಡಿಕೆ ತೋಟದ ನಡುವಿನ ಒಂಟಿ ಮನೆಗಳು. ನೆರೆಮನೆಗೆ ತೋಡು ದಾಟಿ, ಗುಡ್ಡ ಹತ್ತಿ ಹೋಗಬೇಕು. ಅರೆಭಾಷೆ, ತುಳು, ಬ್ಯಾರಿ, ಮಲಯಾಳ, ಮರಾಟಿ, ಕನ್ನಡ ಎಲ್ಲ ಕೇಳಿಬರುವ ಊರು. ಕೂಡುಕುಟುಂಬ ಒಡೆದು ಜಾಗ ಪಾಲಾದ ಮೇಲೆ ಒಂದು ಮನೆಯಲ್ಲಿ ತಂದೆ, ತಾಯಿ, ಒಂದೋ ಎರಡೋ ಮಕ್ಕಳು. ಹಿರಿಯರು ಸಿಟ್ಟಾದಾಗ ಹುಡುಗ ಹೋಗಿ ಕೂರಲು ಅಜ್ಜಿಯ ಕೋಣೆ ಇಲ್ಲ, ಅತ್ತೆಯ ಮನೆ ಹತ್ತಿರ ಇಲ್ಲ. ಇದರ ಮೇಲೆ ಅಡಿಕೆಯ ಹಳದಿ ರೋಗ. ಸಂಪಾಜೆ, ಅರಂತೋಡು, ತೊಡಿಕಾನ, ಮರ್ಕಂಜದ ತೋಟಗಳನ್ನು ಅದು ದಶಕಗಳಿಂದ ತಿನ್ನುತ್ತಾ ಬಂದಿದೆ. ಇತ್ತೀಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ರೋಗದಿಂದಲೇ ಯುವಕರು ಸಾಯುತ್ತಾರೆ ಎಂಬ ವಾದಕ್ಕೆ ನನ್ನ ಒಪ್ಪಿಗೆ ಇಲ್ಲ. ಆದರೆ ವರ್ಷವರ್ಷವೂ ಫಸಲು ಇಳಿಯುವ ಮನೆಯಲ್ಲಿ ಮಗನ ಅಂಕಪಟ್ಟಿಯ ಮೇಲೆ ಬೀಳುವ ಭಾರ ಏರುತ್ತಾ ಹೋಗುತ್ತದೆ ಎಂಬುದನ್ನು ಇಲ್ಲಿನ ಯಾವ ಅಧ್ಯಾಪಕರೂ ಅಲ್ಲಗಳೆಯಲಾರರು.

ಅಂಕದ ಮಾತು ಈ ಜಿಲ್ಲೆಯಲ್ಲಿ ಹಗುರವಾದದ್ದಲ್ಲ. 2024ರ ದ್ವಿತೀಯ ಪಿಯುಸಿಯಲ್ಲಿ ದಕ್ಷಿಣ ಕನ್ನಡ ಶೇ. 97.37 ಫಲಿತಾಂಶದೊಡನೆ ರಾಜ್ಯಕ್ಕೆ ಮೊದಲು. 2025ರಲ್ಲಿ ಉಡುಪಿಯ ಹಿಂದೆ ಎರಡನೆಯದು. ನೂರರಲ್ಲಿ ತೊಂಬತ್ತೇಳು ಮಂದಿ ಪಾಸಾಗುವ ಕಡೆ ಉಳಿದ ಮೂವರ ಸ್ಥಿತಿ ಏನು ಎಂದು ಫಲಿತಾಂಶದ ದಿನ ಯಾರೂ ಬರೆಯುವುದಿಲ್ಲ. ಅರ್ಧಕ್ಕರ್ಧ ಮಂದಿ ನಪಾಸಾಗುವ ಜಿಲ್ಲೆಯಲ್ಲಿ ಸೋತವನಿಗೆ ಜೊತೆಗಾರರಿರುತ್ತಾರೆ, ಇಲ್ಲಿ ಅವನು ಒಂಟಿ. ಎಸ್‌ಎಸ್‌ಎಲ್‌ಸಿ, ಪಿಯುಸಿಗಳಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದಿರುವುದು ಈ ದೃಷ್ಟಿಯಿಂದ ದೊಡ್ಡ ಉಪಕಾರ. ಮಕ್ಕಳಿಗೆ ಇದು ಗೊತ್ತಿದೆ. ಸೋಲು ಇಷ್ಟೇ, ಇನ್ನೆರಡು ತಿಂಗಳ ಮಾತು ಎಂಬ ಧೈರ್ಯವನ್ನು ಮನೆಯ ಹಿರಿಯರೂ ಫಲಿತಾಂಶದ ಮೊದಲೇ ಬಾಯಿಬಿಟ್ಟು ಹೇಳಿರಬೇಕು.

ಶಾಲೆ ಬಿಟ್ಟ ಮೇಲಿನ ವಯಸ್ಸು ಇದಕ್ಕಿಂತ ಸೂಕ್ಷ್ಮ. ಬೆಂಗಳೂರಿಗೋ ಗಲ್ಫಿಗೋ ಹೋದವರ ನಡುವೆ ತೋಟದಲ್ಲೇ ಉಳಿದ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ ಎಂಬ ಮಾತು ಮಲೆನಾಡಿನ ಉದ್ದಕ್ಕೂ ಇದೆ. ಹೆಣ್ಣುಮಕ್ಕಳ ಪಾಡು ಬೇರೆ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ 15 ವರ್ಷ ಮೇಲ್ಪಟ್ಟವರ ಆತ್ಮಹತ್ಯೆಗಳನ್ನು ಲೆಕ್ಕ ಹಾಕಿತು. ಅದರಲ್ಲಿ ಗಂಡಸರ ಪೈಕಿ ಶೇ. 40, ಹೆಂಗಸರ ಪೈಕಿ ಶೇ. 56 ಸಾವುಗಳು 15ರಿಂದ 29ರ ವಯಸ್ಸಿನಲ್ಲಿ ಸಂಭವಿಸಿದ್ದವು. ದಕ್ಷಿಣದ ರಾಜ್ಯಗಳಲ್ಲೇ ಪ್ರಮಾಣ ಅತ್ಯಧಿಕ. ಓದು ಹೆಚ್ಚಿದ ನಾಡಿನಲ್ಲಿ, ಓದಿದ ಹುಡುಗಿಯ ಮುಂದೆ ಮದುವೆ, ಉದ್ಯೋಗ, ತವರು, ಗಂಡನ ಮನೆ ಎಲ್ಲವೂ ಒಮ್ಮೆಗೇ ಬಂದು ನಿಲ್ಲುವ ವಯಸ್ಸದು.

ಇನ್ನು, ಸತ್ತವರ ಲೆಕ್ಕವಾದರೂ ಸಿಗುತ್ತದೆ. ತಮ್ಮ ಮೈಗೆ ತಾವೇ ಗಾಯ ಮಾಡಿಕೊಂಡವರ, ಪ್ರಯತ್ನಿಸಿ ಬದುಕಿ ಬಂದವರ ಲೆಕ್ಕ ಸಿಗುವುದಿಲ್ಲ. ಒಂದು ಸಾವಿಗೆ ಸುಮಾರು ಇಪ್ಪತ್ತು ಪ್ರಯತ್ನಗಳಿರುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಮತ್ತು ಹಿಂದೊಮ್ಮೆ ಪ್ರಯತ್ನಿಸಿದವರಿಗೇ ಮುಂದಿನ ಅಪಾಯ ಹೆಚ್ಚು. ಭಾರತೀಯ ದಂಡ ಸಂಹಿತೆಯ 309ನೇ ಕಲಂ ಇದ್ದಷ್ಟು ಕಾಲ ಕೇಸಾಗುವ ಹೆದರಿಕೆಯಿಂದ ಮನೆಯವರು ಆಸ್ಪತ್ರೆಯಲ್ಲಿ ‘ಆಕಸ್ಮಿಕ’ ಎಂದೇ ಬರೆಸುತ್ತಿದ್ದರು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಇದನ್ನು ಬದಲಾಯಿಸಿತು: ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಅವರ ಆರೈಕೆ ಸರ್ಕಾರದ ಹೊಣೆ. 2024ರ ಜುಲೈಯಲ್ಲಿ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಹಳೆಯ 309ನ್ನು ಕೈಬಿಟ್ಟಿದೆ. ಸರ್ಕಾರಿ ನೌಕರರನ್ನು ಒತ್ತಾಯಿಸಲು ಮಾಡುವ ಪ್ರಯತ್ನ ಮಾತ್ರ ಅಪರಾಧವಾಗಿ ಉಳಿದಿದೆ. ಕಾನೂನು ಬದಲಾದರೂ ಮುಚ್ಚಿಡುವ ಅಭ್ಯಾಸ ಬದಲಾಗಿಲ್ಲ. ಗಾಯ ವಾಸಿಯಾಗಿ ಮನೆಗೆ ಬಂದ ಮಗುವಿಗೆ ಮನೋವೈದ್ಯರ ಭೇಟಿ ಆಗದೇ ಹೋಗುವುದು ಇದರ ಅತಿ ದೊಡ್ಡ ನಷ್ಟ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ. 7.3 ಮಂದಿಗೆ ಮಾನಸಿಕ ತೊಂದರೆ ಕಂಡಿತು. ‘ಮಂಡೆ ಬಿಸಿ’ ಎನ್ನುವ ಮಗುವನ್ನು ಮನೆಯವರು ಮೊದಲು ಜ್ಯೋತಿಷಿಯ ಹತ್ತಿರ ಕರೆದೊಯ್ಯುವುದು ಇಲ್ಲಿ ಸಾಮಾನ್ಯ. ಅದನ್ನು ಹಳಿಯುವುದರಿಂದ ಪ್ರಯೋಜನವಿಲ್ಲ, ಅಲ್ಲಿಂದ ಆಸ್ಪತ್ರೆಗೆ ದಾರಿ ಮಾಡಿಕೊಡಬೇಕು. ಆ ದಾರಿ ದೂರದ್ದಲ್ಲ. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ಕೆ.ವಿ.ಜಿ. ವೈದ್ಯಕೀಯ ಕಾಲೇಜಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ರಾಜ್ಯ ಸರ್ಕಾರ ‘ಮನೋಚೈತನ್ಯ’ ಯೋಜನೆ ರೂಪಿಸಿದೆ. ಅಡಿಕೆ ತೋಟಗಳ, ಚದುರಿದ ಮನೆಗಳ ಇನ್ನೊಂದು ತಾಲ್ಲೂಕಾದ ತೀರ್ಥಹಳ್ಳಿಯಲ್ಲಿ ನಿಮ್ಹಾನ್ಸ್ 2005ರಿಂದ ಸ್ಕಿಜೋಫ್ರೇನಿಯಾ ರೋಗಿಗಳನ್ನು ಊರಲ್ಲೇ ಉಪಚರಿಸುತ್ತಾ ಬಂದಿದೆ. ಗುಡ್ಡಗಾಡಿನ ಒಂಟಿ ಮನೆಗೂ ಆರೈಕೆ ಮುಟ್ಟಿಸಬಹುದು ಎಂಬುದಕ್ಕೆ ಅದು ಸಾಕ್ಷಿ. ಆ ಕ್ರಮವನ್ನು ಯುವಜನರ ಆರೈಕೆಗೂ ವಿಸ್ತರಿಸಬೇಕು.

ಕೊನೆಯದಾಗಿ, ತೋಟದ ಮನೆಯ ಒಂದು ಕಷ್ಟ. ಅಡಿಕೆಗೆ ಮದ್ದು ಬಿಡುವ, ಕಳೆಗೆ ಹೊಡೆಯುವ ವಿಷವಸ್ತುಗಳು ಇಲ್ಲಿ ಮನೆಯ ಆಸುಪಾಸಿನಲ್ಲೇ ಇರುತ್ತವೆ. ದುಡುಕಿನ ಗಳಿಗೆ ಚಿಕ್ಕದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಬಹಳ ಮಂದಿ ಬದುಕುತ್ತಾರೆ. ಸುಳ್ಯದ ರಬ್ಬರ್ ತೋಟಗಳಿಗೆ ಬಂದು ನೆಲೆಸಿದ ತಮಿಳರ ಹಿಂದಿನ ನೆಲವಾದ ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿ, 1995ರಿಂದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣವನ್ನು ಶೇ. 70ಕ್ಕೂ ಹೆಚ್ಚು ಇಳಿಸಿತು. ಬೇಸಾಯ ನಿಲ್ಲಲಿಲ್ಲ. ನೆರೆಯ ಕೇರಳ 2011ರಲ್ಲಿ ಹಲವು ಕೀಟನಾಶಕಗಳನ್ನು ನಿಷೇಧಿಸಿತು. ಮನೆಮನೆಗೆ ಬೀಗದ ಪೆಟ್ಟಿಗೆ ಕೊಟ್ಟರೆ ಸಾಕೆಂದು ಅನ್ನಿಸಬಹುದು. ಆದರೆ ಶ್ರೀಲಂಕಾದ 180 ಹಳ್ಳಿಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪೆಟ್ಟಿಗೆಯಿಂದ ಗುಣ ಕಾಣಲಿಲ್ಲ. ಬೀಗದ ಕೈ ಮನೆಯಲ್ಲೇ ಇರುತ್ತದಲ್ಲ. ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಲಕ್ಷ್ಮಿ ವಿಜಯಕುಮಾರ್ ಅವರ ತಂಡ ಊರಿಗೆಲ್ಲ ಒಂದೇ ದಾಸ್ತಾನು ಕೊಠಡಿ ಮಾಡಿ ನೋಡಿದ ಚಿಕ್ಕ ಪ್ರಯೋಗ ಭರವಸೆ ಕೊಟ್ಟಿದೆ. ಗ್ರಾಮಗ್ರಾಮಕ್ಕೂ ಗಟ್ಟಿಯಾದ ಸಹಕಾರಿ ಸೊಸೈಟಿಗಳಿರುವ ಈ ತಾಲ್ಲೂಕಿಗೆ ಇದಕ್ಕಿಂತ ಹೊಂದುವ ಕ್ರಮ ಇನ್ನೊಂದಿಲ್ಲ. ಮೈಲುತುತ್ತು, ಗೊಬ್ಬರ ಮಾರುವ ಸೊಸೈಟಿಯೇ ಸದಸ್ಯರ ಉಳಿದ ವಿಷವಸ್ತುವನ್ನು ತನ್ನ ಗೋದಾಮಿನಲ್ಲಿ ಇಟ್ಟುಕೊಂಡು ಬೇಕಾದ ದಿನ ಕೊಡಬಹುದು.

ಸೊಸೈಟಿಯ ನಿರ್ದೇಶಕರು, ಆಶಾ ಕಾರ್ಯಕರ್ತೆಯರು, ಶಾಲೆಯ ಅಧ್ಯಾಪಕರು ಮುಂದಿನ ಮಹಾಸಭೆಗೆ, ಮುಂದಿನ ಫಲಿತಾಂಶಕ್ಕೆ ಮೊದಲೇ ಒಮ್ಮೆ ಕೂತು ಈ ಮಾತಾಡಬೇಕೆಂದು ನನ್ನ ವಿನಂತಿ. ಮನೆಯಲ್ಲಿ ಮಗು ಮಾತು ಬಿಟ್ಟು ಕೂತಿದ್ದರೆ, ಬದುಕು ಸಾಕು ಎಂದಿದ್ದರೆ, ನೇರವಾಗಿ ಕೇಳಿ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಒಂಟಿಯಾಗಿ ಬಿಡಬೇಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಇದನ್ನು ಓದುತ್ತಿರುವವರಲ್ಲೇ ಯಾರಿಗಾದರೂ ಅಂಥ ಯೋಚನೆ ಬರುತ್ತಿದ್ದರೆ ನಂಬಿಕೆಯ ಒಬ್ಬರಿಗೆ ಈಗಲೇ ಹೇಳಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.