ಶಾಲೆಯ ದುಡ್ಡು ಯಾರ ಜೇಬಿಂದ?

ಆದಾಯ ತೆರಿಗೆಯ ಮೇಲೆ ನಾವೆಲ್ಲ ಶೇ. 4 ಆರೋಗ್ಯ ಮತ್ತು ಶಿಕ್ಷಣ ಸೆಸ್ ಕಟ್ತೀವಿ. 2004ರಲ್ಲಿ ಶೇ. 2ರಿಂದ ಶುರುವಾಗಿದ್ದು ಅದು. ಅದರಲ್ಲಿ ನಾನು ಓದಿದ ಸಿರುಗುಪ್ಪದ ಸರ್ಕಾರಿ ಶಾಲೆಗೆ ಎಷ್ಟು ಬಂತು? ಯಾರನ್ನ ಕೇಳೋದು?

ನೂರು ವರ್ಷದ ಹಿಂದೆ ಕೇಳೋಕೆ ಊರಲ್ಲೇ ಜಾಗ ಇತ್ತು. 1953ರ ಅಕ್ಟೋಬರ್ 1ಕ್ಕೆ ಮೈಸೂರು ಸೇರುವವರೆಗೂ ನಮ್ಮ ಬಳ್ಳಾರಿ ಮದ್ರಾಸಿನಲ್ಲಿತ್ತು. ಅಲ್ಲಿನ 1920ರ ಪ್ರಾಥಮಿಕ ಶಿಕ್ಷಣ ಕಾಯ್ದೆ ಪ್ರಕಾರ ಪುರಸಭೆಗಳು, ತಾಲ್ಲೂಕು ಬೋರ್ಡುಗಳು ಶಾಲೆಗಂತಲೇ ತೆರಿಗೆ ಹಾಕಬಹುದಿತ್ತು. ಊರು ಎತ್ತಿದ ಹಣಕ್ಕೆ ಸರ್ಕಾರ ತನ್ನ ಪಾಲು ಸೇರಿಸುತ್ತಿತ್ತು. ತೆರಿಗೆ ಹಾಕಿದರೆ ಜನ ಬೈತಾರೆ, ಬಿಟ್ಟರೆ ಆ ಪಾಲು ಹೋಗುತ್ತೆ. ಸದಸ್ಯರಿಗೆ ಇಕ್ಕಟ್ಟು. ಆದರೆ ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕಿತ್ತು.

ಈಗ ಜಿಲ್ಲೆಯಲ್ಲೇ ಉಳಿಯೋದು ಗಣಿ ದುಡ್ಡು. 2015ರ ತಿದ್ದುಪಡಿಯಂತೆ ಹಳೆಯ ಗುತ್ತಿಗೆದಾರರು ರಾಯಧನದ ಶೇ. 30, ಹರಾಜಿನಲ್ಲಿ ಪಡೆದವರು ಶೇ. 10 ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಶಿಕ್ಷಣ ಅದರ ಆದ್ಯತೆಗಳಲ್ಲೊಂದು. ಆದರೆ ಅದಿರು ಸಂಡೂರಿನದು. ಸಿರುಗುಪ್ಪ, ಕುರುಗೋಡಿನದು ಭತ್ತದ ಗದ್ದೆ. ಧೂಳು ಕುಡಿದವರಿಗೆ ಮೊದಲ ಪಾಲು ಅನ್ನೋದು ನ್ಯಾಯವೇ. ಹಾಗಾದರೆ ನಮಗೆ? ಅದಿರು ಮುಗಿದ ಮೇಲೆ ಸಂಡೂರಿಗೆ?

ಬೆಂಗಳೂರು ಪಾಲಿಕೆ 1997ರಲ್ಲಿ ಬಾಂಡ್ ಮಾರಿ ₹125 ಕೋಟಿ ಎತ್ತಿತ್ತು. ಹಾಗೆ ಸಾಲ ತಂದು ಕಟ್ಟಡ ಕಟ್ಟಬಹುದು. ತೀರಿಸೋಕೆ ಮತ್ತೆ ತೆರಿಗೆಯೇ ಬೇಕು. ಮೇಷ್ಟ್ರ ಸಂಬಳವಂತೂ ಪ್ರತಿ ತಿಂಗಳೂ ಬೇಕು.

ಮನೆ ಕಂದಾಯದಲ್ಲಿ ಗ್ರಂಥಾಲಯ ಸೆಸ್ ಇದ್ದೇ ಇದೆ. ಪಕ್ಕದಲ್ಲಿ ಶಾಲೆಗೂ ಒಂದು ಸಾಲು ಸೇರಿಸಲಿ, ನಾನಂತೂ ಕಟ್ತೀನಿ. ಲೆಕ್ಕ ಮಾತ್ರ ಸಿರುಗುಪ್ಪದಲ್ಲೇ ಸಿಗಬೇಕು.