ಮನೆಯ ಗಣಕಯಂತ್ರಕ್ಕೆ ಪ್ರತ್ಯೇಕ ಆಂಟಿವೈರಸ್ ಬೇಕೆ?

ಹೊಸ ಗಣಕಯಂತ್ರದ ಬಿಲ್ಲಿಗೆ ಅಂಗಡಿಯವರು ಆಂಟಿವೈರಸ್ ತಂತ್ರಾಂಶವೊಂದನ್ನು ಸೇರಿಸುವುದು ಮಹಾನಗರಗಳಲ್ಲಿ ಹಳೆಯ ರೂಢಿ. ವರ್ಷ ತುಂಬಿದೊಡನೆ ‘ಅವಧಿ ಮುಗಿದಿದೆ, ನಿಮ್ಮ ಯಂತ್ರ ಅಪಾಯದಲ್ಲಿದೆ’ ಎಂಬ ಸೂಚನೆ ತೆರೆಯ ಮೇಲೆ ಮೂಡುತ್ತದೆ. ಮಕ್ಕಳನ್ನು ಪರದೇಶಕ್ಕೆ ಕಳುಹಿಸಿ, ಅವರ ಮುಖ ಕಾಣಲೆಂದೇ ಗಣಕಯಂತ್ರ ಇಟ್ಟುಕೊಂಡಿರುವ ನಮ್ಮ ಹಿರಿಯರು ಗಾಬರಿಯಿಂದ ಹಣ ಕಟ್ಟುತ್ತಾರೆ. ಈ ವೆಚ್ಚ ಅನಿವಾರ್ಯವೆ?

ಒಂದು ಕಾಲಕ್ಕೆ ಅನಿವಾರ್ಯವೇ ಆಗಿತ್ತು. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಎಂಬ ಮಿಂಚಂಚೆಯ ವೈರಸ್ ಜಗತ್ತಿನಾದ್ಯಂತ ಹರಡಿತು. ಮರುವರ್ಷ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿಯೂ ಆಂಟಿವೈರಸ್ ಇರಲಿಲ್ಲ. 2009ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಉಚಿತ ತಂತ್ರಾಂಶವೊಂದನ್ನು ಬೇರೆಯಾಗಿ ನೀಡಿತು. 2012ರ ವಿಂಡೋಸ್ 8ರಿಂದ ‘ಡಿಫೆಂಡರ್’ ಹೆಸರಿನ ಆಂಟಿವೈರಸ್ ವಿಂಡೋಸ್‌ನ ಅಂಗವೇ ಆಗಿದೆ. ನಾವು ಬೇರೊಂದನ್ನು ಅಳವಡಿಸಿದರೆ ಅದು ಹಿಂದೆ ಸರಿಯುತ್ತದೆ. ಅವಧಿ ಮುಗಿದ ತಂತ್ರಾಂಶವನ್ನು ಪೂರ್ತಿಯಾಗಿ ತೆಗೆದುಹಾಕಿದರೆ ಮತ್ತೆ ಕಾವಲಿಗೆ ನಿಲ್ಲುತ್ತದೆ. ‘ವಿಂಡೋಸ್ ಸೆಕ್ಯುರಿಟಿ’ಯನ್ನು ತೆರೆದು ನೋಡಿದರೆ ಹಸಿರು ಗುರುತು ಕಾಣುತ್ತದೆ. ಪತ್ರ ಬರೆಯಲು, ಪತ್ರಿಕೆ ಓದಲು, ಬ್ಯಾಂಕಿನ ವ್ಯವಹಾರಕ್ಕೆ ಯಂತ್ರವನ್ನು ಬಳಸುವ ಮನೆಗೆ ಇಷ್ಟು ಸಾಕೆಂಬುದು ನಮ್ಮ ಅಭಿಪ್ರಾಯ. ಮಕ್ಕಳ ಬಳಕೆಯ ಮೇಲೆ ನಿಗಾ ಇಡುವಂತಹ ಹೆಚ್ಚಿನ ಸೌಕರ್ಯ ಬೇಕೆನ್ನುವವರು ಕೊಳ್ಳಲಿ, ಅಡ್ಡಿಯಿಲ್ಲ. ಆದರೆ ಎರಡು ಆಂಟಿವೈರಸ್‌ಗಳನ್ನು ಏಕಕಾಲಕ್ಕೆ ಓಡಿಸಿದರೆ ರಕ್ಷಣೆ ಇಮ್ಮಡಿಸುವುದಿಲ್ಲ, ಯಂತ್ರ ಕುಂಟುತ್ತದೆ.

ಆಂಟಿವೈರಸ್‌ಗಿಂತ ಮುಖ್ಯವಾದುದು ವಿಂಡೋಸ್‌ನ ನವೀಕರಣ. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಕುತಂತ್ರಾಂಶವು ಲಕ್ಷಾಂತರ ಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ಪರದಾಡಿದವು. ಅದು ನುಸುಳಿದ ಬಿರುಕಿಗೆ ತೇಪೆಯು ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿ, ಬಿಡುಗಡೆಯಾಗಿತ್ತು! ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ನಿಂತಿದೆ. ವಿಂಡೋಸ್ 10ಕ್ಕೆ ಸೀಮಿತ ಅವಧಿಯ ವಿಸ್ತರಣಾ ಯೋಜನೆಯೊಂದಿದೆ. ಅದಕ್ಕೆ ನೋಂದಾಯಿಸದವರ ಯಂತ್ರಕ್ಕೆ ಹೊಸ ತೇಪೆಗಳು ಬರುವುದಿಲ್ಲ. ಅಂತಹ ಯಂತ್ರಕ್ಕೆ ದುಬಾರಿ ಆಂಟಿವೈರಸ್ ಹಾಕಿದರೂ ಮೂಲದ ಬಿರುಕು ಹಾಗೆಯೇ ಉಳಿಯುತ್ತದೆ. ನುಡಿ, ಬರಹ ಮೊದಲಾದ ಕನ್ನಡ ತಂತ್ರಾಂಶಗಳನ್ನೂ ಅವುಗಳ ಮೂಲತಾಣದಿಂದಲೇ ಇಳಿಸಿಕೊಳ್ಳಬೇಕು. ‘ಆಂಟಿವೈರಸ್ ನಿಲ್ಲಿಸಿ ಅಳವಡಿಸಿರಿ’ ಎನ್ನುವ ಕಳ್ಳಪ್ರತಿಯನ್ನು ಮುಟ್ಟಲೇಬಾರದು.

ಇಷ್ಟೆಲ್ಲ ಕಾವಲನ್ನೂ ದಾಟಿಬರುವ ಮೋಸವೊಂದಿದೆ. ‘ನಿಮ್ಮ ಆಂಟಿವೈರಸ್ ತಾನಾಗಿ ನವೀಕರಣಗೊಂಡಿದೆ, ಸಾವಿರಾರು ರೂಪಾಯಿ ಕಡಿತವಾಗಿದೆ, ಹಣ ಹಿಂದಕ್ಕೆ ಬೇಕಾದರೆ ಕರೆಮಾಡಿರಿ’ ಎಂಬ ಮಿಂಚಂಚೆ ಬರುತ್ತದೆ. ಕರೆಮಾಡಿದವರಿಂದ, ದೂರದಿಂದ ಯಂತ್ರವನ್ನು ನಡೆಸುವ ತಂತ್ರಾಂಶವನ್ನು ಹಾಕಿಸುತ್ತಾರೆ. ಆಮೇಲೆ ಬ್ಯಾಂಕಿನ ಖಾತೆಗೆ ಕೈಹಾಕುತ್ತಾರೆ. ಆ ತಂತ್ರಾಂಶ ವೈರಸ್ ಅಲ್ಲ, ಕಚೇರಿಗಳಲ್ಲಿ ನಿತ್ಯ ಬಳಕೆಯಲ್ಲಿರುವಂಥದು. ಆದುದರಿಂದ ಆಂಟಿವೈರಸ್ ಅದನ್ನು ತಡೆಯದೇ ಇರಬಹುದು. ಅಗುಳಿಯನ್ನು ಮನೆಯವರೇ ತೆಗೆದುಕೊಟ್ಟಿರುತ್ತಾರಲ್ಲ! ಹೀಗೆ ಮೋಸಹೋದವರು ಸಂಕೋಚದಿಂದ ಮಕ್ಕಳಿಗೂ ಹೇಳದೆ ದಿನ ಕಳೆಯುವುದುಂಟು. ಹಾಗೆ ಮಾಡದೆ ಕೂಡಲೇ ಅಂತರ್ಜಾಲದ ಸಂಪರ್ಕವನ್ನು ಕಡಿದು, ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಬೇಕು. ಹಣ ಮುಂದಿನ ಖಾತೆಗಳಿಗೆ ಸಾಗುವ ಮೊದಲೇ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ.