ಸಿಂಗಿಂಗ್ ಫಾರ್ ದಿ ಬ್ರೇನ್
ಡಿಮೆನ್ಶಿಯಾ, ಅಂದರೆ ಮರೆಗುಳಿ ಕಾಯಿಲೆ, ಇರುವವರೂ ಅವರ ಆರೈಕೆ ಮಾಡುವವರೂ ಒಟ್ಟಿಗೆ ಕುಳಿತು ಹಾಡುವ ಬ್ರಿಟನ್ನಿನ ಸಮುದಾಯ ಕಾರ್ಯಕ್ರಮ. 2003ರಲ್ಲಿ ಆಲ್ಜೈಮರ್ಸ್ ಸೊಸೈಟಿಯ ಶ್ರಿಯಾನ್ ಮಾಂಟ್ಗೊಮರಿ-ಸ್ಮಿತ್ ಇದನ್ನು ಬರ್ಕ್‌ಷೈರಿನ ನ್ಯೂಬರಿಯಲ್ಲಿ ಆರಂಭಿಸಿದರು.

ಎಲ್ಲರೂ ವೃತ್ತಾಕಾರದಲ್ಲಿ ಕೂರುತ್ತಾರೆ. ಮೊದಲು ಸ್ವಾಗತದ ಹಾಡು, ಆಮೇಲೆ ಗಂಟಲು ಸಡಿಲಿಸುವ ಅಭ್ಯಾಸ, ನಂತರ ಎಳವೆಯಿಂದ ಕೇಳಿ ಬಂದ ಹಾಡುಗಳು. ಕಂಠ ಚೆನ್ನಾಗಿರಬೇಕೆಂಬ ನಿಯಮವಿಲ್ಲ. ಚಹಾ ಕುಡಿಯುತ್ತ ಆಡುವ ಮಾತಿಗೂ ಹಾಡಿನಷ್ಟೇ ಬೆಲೆ. ಆರೈಕೆಯ ನಡುವೆ ಒಂಟಿಯಾಗಿಬಿಡುವ ಗಂಡ, ಹೆಂಡತಿ, ಮಗಳಿಗೆ ತಮ್ಮಂಥವರು ಸಿಗುವುದು ಅಲ್ಲಿಯೇ.

ನಿನ್ನೆಯ ಊಟ ಮರೆತವರು ಇಡೀ ಹಾಡನ್ನು ತಪ್ಪಿಲ್ಲದೆ ಹಾಡುವುದುಂಟು. ಬಹುಕಾಲದಿಂದ ಬಲ್ಲ ಸಂಗೀತವನ್ನು ಗುರುತಿಸುವ ಮಿದುಳಿನ ಭಾಗಗಳು ಡಿಮೆನ್ಶಿಯಾ ತರುವ ಆಲ್ಜೈಮರ್ ರೋಗದಲ್ಲಿ ಉಳಿದ ಭಾಗಗಳಿಗಿಂತ ಕಡಿಮೆ ಹಾನಿಗೊಳ್ಳುತ್ತವೆ ಎಂದು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 2015ರಲ್ಲಿ ತೋರಿಸಿದರು. ಹದಿಹರೆಯದ ಹಾಡುಗಳು ವಿಶೇಷವಾಗಿ ಗಟ್ಟಿಯಾಗಿ ಉಳಿಯುತ್ತವೆ. ಹಾಡು ರೋಗವನ್ನು ಗುಣಪಡಿಸದು, ತಡೆಯದು. ಆದರೆ ಮಾತು ಕಳೆದುಕೊಂಡವರೊಡನೆ ಮತ್ತೆ ಸೇರಲು ಒಂದು ದಾರಿ ತೆರೆಯುತ್ತದೆ. ಇದು ಸಣ್ಣ ಸಂಗತಿಯಲ್ಲ.

ಇದೇ ಆಶಯದ ಇನ್ನೊಂದು ಸಂಸ್ಥೆ ಸ್ಕಾಟ್ಲೆಂಡಿನ ಪ್ಲೇಲಿಸ್ಟ್ ಫಾರ್ ಲೈಫ್. ಡಿಮೆನ್ಶಿಯಾದಿಂದ ಬಳಲಿದ ತಾಯಿ ಹಾಡುಗಳಿಗೆ ಸ್ಪಂದಿಸುತ್ತಿದ್ದುದನ್ನು ಕಂಡಿದ್ದ ಪತ್ರಕರ್ತೆ ಸ್ಯಾಲಿ ಮ್ಯಾಗ್ನಸನ್ 2013ರಲ್ಲಿ ಇದನ್ನು ಕಟ್ಟಿದರು. ಒಬ್ಬೊಬ್ಬರ ಬದುಕಿಗೂ ಅಂಟಿಕೊಂಡ ಹಾಡುಗಳನ್ನು ಮನೆಯವರೇ ಹುಡುಕಿ ಪಟ್ಟಿ ಮಾಡಲು ಸಂಸ್ಥೆ ನೆರವಾಗುತ್ತದೆ.